ಕಣ್ಣಿಗೆ ಕಂಡ ದಮ್ಮು

ಅಂಪೈರು ಎಂಬ ಪೈರು ನಮ್ಮ ಕಡೆಯ ಮಣ್ಣಿನಲ್ಲಿ ಬೆಳೆಯುವುದಿಲ್ಲ ಎಂದು ದಾವಣಗೆರೆಯವರೂ ಹರಿಹರದವರೂ ಬಹಳ ವರ್ಷ ನಂಬಿಕೊಂಡಿದ್ದರು. ಎರಡೂ ಊರಿನವರು ಜಗಳವಿಲ್ಲದೆ ಒಪ್ಪಿಕೊಂಡಿದ್ದ ಸಂಗತಿ ಇದೊಂದೇ. ಇಬ್ಬರೂ ಸೇರಿ ನಡೆಸುತ್ತಿದ್ದ ಕಬಡ್ಡಿ ಪಂದ್ಯಾವಳಿಯಲ್ಲಿ ಮೊದಲ ಸುತ್ತುಗಳಿಗೆಲ್ಲ ಊರಿನವರೇ ಸೀಟಿ ಊದುತ್ತಿದ್ದರು. ಫೈನಲ್ ಬಂತೆಂದರೆ ಮಾತ್ರ ದೂರದೂರಿನವನೊಬ್ಬ ಬಿಳಿ ಪ್ಯಾಂಟು ತೊಟ್ಟು ರೈಲಿನಿಂದ ಇಳಿಯುತ್ತಿದ್ದ. ಹಾರ ಹಾಕಿಸಿಕೊಂಡು, ಬೆಣ್ಣೆದೋಸೆ ತಿಂದು, ಒಂದು ಊರನ್ನು ಅಳಿಸಿ, ಸಂಜೆಯ ಗಾಡಿಗೆ ವಾಪಸಾಗುತ್ತಿದ್ದ. ಸೀಟಿ ಇದ್ದವನಿಗೆ ಸೀಟಿಲ್ಲ, ಸೀಟು ಸಿಕ್ಕವನಿಗೆ ಸೀಟಿ ಊದಲು ಬರುವುದಿಲ್ಲ ಎಂದು ಊರಿನ ಅಂಪೈರುಗಳು ಗೊಣಗುತ್ತಿದ್ದರು.

೧೯೬೦ರಲ್ಲಿ ಬಂದವನು ಎರಡೂ ಊರನ್ನು ಅಳಿಸಿದ. ಮೊದಲರ್ಧದಲ್ಲಿ ಹರಿಹರದವನೊಬ್ಬನನ್ನು ತಪ್ಪಾಗಿ ಔಟು ಮಾಡಿದ. ತಪ್ಪು ತಿಳಿದ ಮೇಲೆ ತೂಕ ಸರಿ ಮಾಡಲು ಎರಡನೆಯ ಅರ್ಧದಲ್ಲಿ ದಾವಣಗೆರೆಯವನೊಬ್ಬನನ್ನು ತಪ್ಪಾಗಿ ಔಟು ಮಾಡಿದ. ಇದ್ಯಾವ ನ್ಯಾಯ ಎಂದು ಕೇಳಿದರೆ, "ಇಬ್ಬರಿಗೂ ಸಮ ಅನ್ಯಾಯ" ಎಂದನಂತೆ. ಅವನನ್ನು ಸ್ಟೇಷನ್ನಿಗೆ ಮುಟ್ಟಿಸಲು ಪೊಲೀಸಿನವರು ಬೇಕಾಯಿತು.

ಹೀಗಾಗಿ ಮರುವರ್ಷ ಪಂದ್ಯಾವಳಿ ಕಮಿಟಿಯ ಅಧ್ಯಕ್ಷ ನಾಗರಾಜಪ್ಪನವರು ದಾವಣಗೆರೆಯ ಪಿ.ಜೆ. ಬಡಾವಣೆಯ ತಮ್ಮ ಮನೆಯಲ್ಲಿ ಸಭೆ ಕರೆದರು. ನಾಗರಾಜಪ್ಪನವರದು ಹತ್ತಿ ಜಿನ್ನಿಂಗ್ ವ್ಯವಹಾರ. ಹತ್ತಿಯಿಂದ ಬೀಜ ಬೇರೆ ಮಾಡುವುದು ಅವರ ಮಿಷನ್ನಿಗೆ ಗೊತ್ತಿತ್ತು, ಮಾತಿನಿಂದ ಬೀಜ ಬೇರೆ ಮಾಡುವುದು ಅವರಿಗೆ ಗೊತ್ತಿರಲಿಲ್ಲ.

"ನೋಡ್ರಿ, ನಾನು ಸುತ್ತಿ ಬಳಸಿ ಮಾತಾಡೋನಲ್ಲ," ಎಂದು ಶುರು ಮಾಡಿದರು. ಅಲ್ಲಿಂದ ತಮ್ಮ ತಂದೆಯವರು ಚಿತ್ರದುರ್ಗಕ್ಕೆ ಎತ್ತಿನ ಗಾಡಿಯಲ್ಲಿ ಹೋದದ್ದು, ಗಾಡಿಯ ಕೀಲು ಮುರಿದದ್ದು, ಆಗ ಸಿಕ್ಕ ಬಡಗಿಯ ಮಗ ಈಗ ಅಮಲ್ದಾರನಾಗಿರುವುದು ಎಲ್ಲವನ್ನೂ ಮುಟ್ಟಿ, ಕಾಫಿ ಬಂದ ಮೇಲೆ ವಿಷಯಕ್ಕೆ ಇಳಿದರು. "ಅದಕ್ಕೇ ಈ ಸಲ ಫೈನಲ್ಲಿಗೆ ನಮ್ಮೋರೇ ನಿಲ್ಲಬೇಕು. ಊರಿಗೊಬ್ಬರಂಗೆ ಇಬ್ಬರನ್ನ ಕರೀರಿ. ಗೋಡೆ ಪರೀಕ್ಷೆ ಮಾಡ್ರಿ. ಹೆಚ್ಚು ಮಾರ್ಕು ಬಂದೋನು ಫೈನಲ್ ಅಂಪೈರು. ಆತಲ್ಲ?"

ಗೋಡೆ ಪರೀಕ್ಷೆ ಎಂದರೆ ಏನೆಂದು ಹೇಳಬೇಕು. ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿದವನು "ಕಬಡ್ಡಿ ಕಬಡ್ಡಿ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತ, ಆ ಉಸಿರು ಮುರಿಯುವ ಮೊದಲೇ ನಡುಗೆರೆಗೆ ಮರಳಬೇಕು. ಆ ಉಸಿರಿಗೆ ನಮ್ಮಲ್ಲಿ ದಮ್ಮು ಅನ್ನುತ್ತಾರೆ. ದಮ್ಮಿದ್ದವನು ಆಡುತ್ತಾನೆ, ದಮ್ಮು ಎಳೆಯುವವನು ಬೀಡಿ ಹಿಡಿದು ನೋಡುತ್ತಾನೆ, ದಮ್ಮು ಮುರಿಯಿತೋ ಇಲ್ಲವೋ ಎಂದು ಹೇಳುವವನು ಅಂಪೈರು. ಆದರೆ ಅಂಪೈರುಗಳು ಮುಖ ನೋಡಿ ಮಣೆ ಹಾಕುತ್ತಾರೆ, ನೆಂಟರ ದಮ್ಮು ಮುರಿದರೂ ಕೇಳದಂತೆ ಇರುತ್ತಾರೆ ಎಂದು ದೂರು ಬಂದಾಗ ಕಮಿಟಿ ಒಂದು ಉಪಾಯ ಮಾಡಿತ್ತು. ಅಂಪೈರನ್ನು ಗೋಡೆಗೆ ಮುಖ ಮಾಡಿಸಿ ಕುರ್ಚಿಯಲ್ಲಿ ಕೂರಿಸುವುದು. ಅವನ ಬೆನ್ನ ಹಿಂದೆ ಒಬ್ಬ ನಿಂತು ಬೇರೆ ಬೇರೆ ಆಟಗಾರರ ಧ್ವನಿಯಲ್ಲಿ ಕಬಡ್ಡಿ ಹೇಳುವುದು, ಎಲ್ಲೋ ಒಂದು ಕಡೆ ಕದ್ದು ಉಸಿರು ತೆಗೆದುಕೊಳ್ಳುವುದು. ಉಸಿರು ಮುರಿದ ಕ್ಷಣಕ್ಕೆ ಅಂಪೈರು ಕೈ ಎತ್ತಿದರೆ ಮಾರ್ಕು. ಮುಖವೇ ಕಾಣದ ಮೇಲೆ ಮಣೆ ಎಲ್ಲಿಂದ ಹಾಕಿಯಾನು?

ಹೀಗೆ ಕಬಡ್ಡಿ ಹೇಳುವ ಕೆಲಸ ಕುಬೇರಪ್ಪನದು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಹೆಸರಿನಲ್ಲಿ ಮಾತ್ರ ಕುಬೇರ, ಆದರೆ ಗಂಟಲಿನಲ್ಲಿ ನಿಜವಾಗಿಯೂ ನಿಧಿ ಇತ್ತು. ಸ್ಟೇಷನ್ ಮಾಸ್ತರರ ಕೆಮ್ಮಿನಿಂದ ಹಿಡಿದು ನಾಗರಾಜಪ್ಪನವರ "ಸುತ್ತಿ ಬಳಸಿ"ಯ ತನಕ ಯಾರ ಧ್ವನಿ ಬೇಕೆಂದರೂ ಅಲ್ಲೇ ತೆಗೆದುಕೊಡುತ್ತಿದ್ದ.

ಹರಿಹರದ ಕಡೆಯಿಂದ ಭಾನುವಳ್ಳಿಯ ಮಾಲತೇಶಪ್ಪನ ಹೆಸರು ಬಂತು. ದಾವಣಗೆರೆಯ ಕಡೆಯಿಂದ ಚೌಕಿಪೇಟೆಯ ಬಟ್ಟೆ ವ್ಯಾಪಾರಿ ಶಿವಮೂರ್ತಪ್ಪನವರ ಹೆಸರು. ಶಿವಮೂರ್ತಪ್ಪನವರು ಬಿಳಿ ಮೀಸೆ ಬರುವ ಮುಂಚಿನಿಂದ ಸೀಟಿ ಊದುತ್ತಿದ್ದವರು. ಸೆಮಿಫೈನಲ್ಲಿನ ತನಕ ಬಂದು ಪ್ರತಿವರ್ಷ ಬಿಳಿ ಪ್ಯಾಂಟಿನವನಿಗೆ ಕುರ್ಚಿ ಬಿಟ್ಟುಕೊಟ್ಟವರು. ಅವರ ಹೆಸರಿಗೆ ಯಾರೂ ಎದುರು ಆಡಲಿಲ್ಲ. ಎದುರು ಆಡಬೇಕಾಗಿದ್ದ ಒಬ್ಬರೆಂದರೆ ಅವರ ಹೆಂಡತಿ ಅನ್ನಪೂರ್ಣಮ್ಮ, ಅವರು ಕಮಿಟಿಯಲ್ಲಿರಲಿಲ್ಲ.

ಶಿವಮೂರ್ತಪ್ಪನವರ ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಸುದ್ದಿ ಬಂದ ಮಾರನೆಯ ದಿನ ಹಜೀರಾಬೀ ಮಗಳ ಮದುವೆಗೆ ಬಟ್ಟೆ ಕೊಳ್ಳಲು ಬಂದಿದ್ದರು. ಶಿವಮೂರ್ತಪ್ಪನವರು ಅತ್ತ ತಿರುಗಿ ಬಟ್ಟೆಯ ಥಾನು ಮಡಚುತ್ತಿದ್ದರು.

"ಆ ಹಸಿರದು ತೆಗೀರಿ," ಎಂದರು ಹಜೀರಾಬೀ. ಥಾನು ಮಡಚುವುದು ನಡೆದೇ ಇತ್ತು. "ಶಿವಮೂರ್ತಪ್ಪನೋರೆ, ಹಸಿರದು!" ಮಡಚುವುದು ಮುಗಿದು ಇನ್ನೊಂದು ಥಾನು ಶುರುವಾಯಿತು. "ಅರೆ! ಅಂಪೈರ್ ಆದ್ಮೇಲೆ ಗಿರಾಕಿ ಮಾತು ಕೇಳಬಾರದು ಅಂತ ಏನಾದ್ರೂ ಕಾನೂನು ಐತೇನ್ರೀ?"

ಒಳಗಿನಿಂದ ಅನ್ನಪೂರ್ಣಮ್ಮ ಬಂದು ಗಂಡನ ಮೊಣಕೈ ಮುಟ್ಟಿದರು. ಅವರು ತಿರುಗಿದರು. ಹಜೀರಾಬೀಯ ಬಾಯಿ ನೋಡಿದರು. "ಹಸಿರದಾ? ಮೊದ್ಲೇ ಹೇಳಬಾರದೇನಮ್ಮ?" ಎಂದು ನಗುತ್ತ ತೆಗೆದುಕೊಟ್ಟರು.

ಹಜೀರಾಬೀ ಹೋದ ಮೇಲೆ ಅನ್ನಪೂರ್ಣಮ್ಮ ಗಂಡನ ಎದುರಿಗೆ ಕುಳಿತರು. ಎದುರಿಗೇ ಕೂರುವುದು ಈಗೆರಡು ವರ್ಷದಿಂದ ಅವರಿಗೆ ರೂಢಿಯಾಗಿತ್ತು.

"ಡಾಕ್ಟ್ರ ಹತ್ರ ಹೋಗಿದ್ರಲ್ಲ, ಏನಂದ್ರು?"

"ಏನೋ ಅಂದ್ರು. ಕೇಳಿಸಲಿಲ್ಲ."

"ತಮಾಷಿ ಬ್ಯಾಡ. ಆ ಗೋಡೆ ಮುಂದೆ ಕೂತು ಏನು ಕೇಳಿಸ್ಕೊಂತೀರಿ ನೀವು? ಒಲ್ಲೆ ಅಂತ ಹೇಳಿ ಕಳಿಸ್ರಿ. ಮೈ ಸರಿ ಇಲ್ಲ ಅನ್ರಿ."

"ಈ ವರ್ಷ ಇಷ್ಟಾದ್ರೂ ಕೇಳಿಸ್ತೈತೆ ಅನ್ನಪೂರ್ಣ. ಮುಂದಿನ ವರ್ಷ ಇದೂ ಇರೋದಿಲ್ಲ. ಒಂದು ಫೈನಲ್. ಒಂದೇ ಒಂದು. ಆಮೇಲೆ ನೀನು ಎಲ್ಲಿ ಕೂಡು ಅಂತೀಯೋ ಅಲ್ಲಿ ಕೂಡ್ತೀನಿ."

"ಇಷ್ಟು ದಿನ ಸೀಟಿ ಹೆಂಗೆ ಊದಿದ್ರಿ?"

ಶಿವಮೂರ್ತಪ್ಪನವರು ಬೆರಳನ್ನು ತಮ್ಮ ಗಂಟಲಿನ ಬುಡಕ್ಕೆ, ಎರಡು ಎಲುಬು ಕೂಡುವ ಗುಳಿಗೆ ಇಟ್ಟರು. "ಇಲ್ಲಿ ನೋಡು. ಉಸಿರು ಒಳಗೆ ಹೋಗೋವಾಗ ಇದು ಕುಸೀತೈತೆ. ಬಾಯಿ ಸುಳ್ಳು ಹೇಳಬಹುದು, ಇದು ಹೇಳೋದಿಲ್ಲ. ಕಿವಿ ಹೋಗಾಕೆ ಶುರುವಾದ ಮೇಲೆ ಇದನ್ನ ಕಲ್ತೆ. ನಿನ್ನಾಣೆ, ಮೊದಲಿಗಿಂತ ಚಲೋ ಊದ್ತೀನಿ."

"ಆದ್ರೆ ಗೋಡೆಗೆ ಗಂಟಲಿಲ್ಲವಲ್ರೀ," ಎಂದರು ಅನ್ನಪೂರ್ಣಮ್ಮ.

ಆದರೂ ಪರೀಕ್ಷೆಯ ದಿನ ಮಧ್ಯಾಹ್ನ ಶಿವಮೂರ್ತಪ್ಪನವರು ಇಸ್ತ್ರಿ ಅಂಗಿ ತೊಟ್ಟು ಹೊರಟರು.

ನಾಗರಾಜಪ್ಪನವರ ಮನೆಯ ಹಜಾರದಲ್ಲಿ ಕಮಿಟಿಯವರೆಲ್ಲ ಚಾಪೆಯ ಮೇಲೆ ಕೂತಿದ್ದರು. ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಕುರ್ಚಿಯ ಹಿಂದೆ, ಬೀದಿ ಬಾಗಿಲಿನ ಬೆಳಕಿನಲ್ಲಿ, ಕುಬೇರಪ್ಪ.

ಮೊದಲು ಮಾಲತೇಶಪ್ಪ ಕೂತ. ಕಾಲುವೆ ನೀರಿನ ಹೊಲದವನು, ಅಗಲ ಎದೆ, ಕಡಿಮೆ ಮಾತು. ಕಣ್ಣು ಮುಚ್ಚಿಕೊಂಡ. ಕುಬೇರಪ್ಪ ಹರಿಹರದ ಹುಡುಗರ ಧ್ವನಿ ತೆಗೆದ, ದಾವಣಗೆರೆ ಮಿಲ್ಲಿನ ಹುಡುಗರ ಧ್ವನಿ ತೆಗೆದ. ಒಬ್ಬನದು ಗಿರಣಿ ಪಟ್ಟಿಯಂತೆ ಒಂದೇ ಸಮ, ಇನ್ನೊಬ್ಬನದು ಕುದಿಯುವ ಸಾರಿನಂತೆ. ಎಲ್ಲಿ ಉಸಿರು ಮುರಿದರೂ ಮಾಲತೇಶಪ್ಪನ ಕೈ ಮೇಲೆದ್ದಿತು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಕಡೆಯದಾಗಿ ಕುಬೇರಪ್ಪ ತನ್ನದೇ ಒಂದು ಕಸುಬು ತೋರಿಸಿದ. ನಾಲಿಗೆ ಕಬಡ್ಡಿ ಹೇಳುತ್ತಲೇ ಇರುವಂತೆ, ಸದ್ದು ಕೂದಲಷ್ಟೂ ಕಡಿಯದಂತೆ, ಮೂಗಿನಲ್ಲಿ ಒಂದು ಗುಟುಕು ಉಸಿರು ಎಳೆದುಕೊಳ್ಳುವ ವಿದ್ಯೆ. ಅನುಕರಣೆ ಮಾಡುತ್ತ ಮಾಡುತ್ತ ಅವನು ಕಲಿತದ್ದು ಅದು. ಮಾಲತೇಶಪ್ಪ ಕೈ ಎತ್ತಲಿಲ್ಲ. ಕುಬೇರಪ್ಪ ಇನ್ನೂ ಸ್ವಲ್ಪ ಹೊತ್ತು ಹೇಳಿ ನಿಲ್ಲಿಸಿದ. "ಒಂದು ತಪ್ಪಿತು ಮಾಲತೇಶಣ್ಣ," ಎಂದ.

"ಮುರಿದಿದ್ದು ಯಾವಾಗ ಮಾರಾಯ?"

"ಮುರೀತು, ಆದ್ರೆ ನನಗೂ ಕೇಳ್ಲಿಲ್ಲ ಬಿಡು," ಎಂದು ಕುಬೇರಪ್ಪ ನಕ್ಕ. ಆದರೂ ನಿಯಮ ನಿಯಮವೇ ಎಂದು ಕಮಿಟಿ ಒಂದು ಮಾರ್ಕು ಕಳೆಯಿತು.

ಶಿವಮೂರ್ತಪ್ಪನವರಿಗೆ ಕುರ್ಚಿಯ ಕಡೆ ನಡೆಯುವಾಗ ಬರಬಾರದಿತ್ತು ಎನ್ನಿಸಿತು. ಕೂತರು. ಮುಖ ಮೇಲೆತ್ತಿದರು. ಎದುರಿನ ಗೋಡೆಯ ಮೇಲೆ ನಾಗರಾಜಪ್ಪನವರ ತಂದೆಯವರು, ಚಿತ್ರದುರ್ಗಕ್ಕೆ ಗಾಡಿಯಲ್ಲಿ ಹೋದವರೇ, ದೊಡ್ಡ ರುಮಾಲು ಸುತ್ತಿಕೊಂಡು ಫೋಟೋದಲ್ಲಿ ಕೂತಿದ್ದರು. ಫೋಟೋಗೆ ಗಾಜು ಹಾಕಿತ್ತು. ಬೀದಿ ಬಾಗಿಲಿನ ಬೆಳಕು ಗಾಜಿನ ಮೇಲೆ ಬಿದ್ದು, ಹಿರಿಯರ ಎದೆಯ ಮೇಲೆ, ಕರೀ ಕೋಟಿನ ಗುಂಡಿಗಳ ನಡುವೆ, ಕುಬೇರಪ್ಪನ ಗಂಟಲು ಕನ್ನಡಿಯಲ್ಲಿ ಕಂಡಂತೆ ಕಂಡಿತು.

ಗೋಡೆ ನೋಡಿ ಎಂದಿದ್ದರು. ಶಿವಮೂರ್ತಪ್ಪನವರು ಗೋಡೆ ನೋಡಿದರು. ಗುಳಿ ಕುಸಿದಾಗಲೆಲ್ಲ ಕೈ ಎತ್ತಿದರು. ಒಂದೂ ತಪ್ಪಲಿಲ್ಲ. ಕಡೆಗೆ ಕುಬೇರಪ್ಪ ಮೂಗಿನ ವಿದ್ಯೆ ತೆಗೆದಾಗಲೂ ಕೈ ಎದ್ದಿತು.

"ಶಹಬ್ಬಾಸ್!" ಎಂದು ನಾಗರಾಜಪ್ಪನವರು ಎದ್ದೇ ನಿಂತರು. "ಸುತ್ತಿ ಬಳಸಿ ಹೇಳೋದೇ ಬ್ಯಾಡ, ಇವರೇ ಫೈನಲ್ ಅಂಪೈರು!" ಚಪ್ಪಾಳೆ ಬಿತ್ತು. ಮಾಲತೇಶಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಚಪ್ಪಾಳೆ ಹೊಡೆಯದೆ ನಿಂತವನು ಕುಬೇರಪ್ಪ ಒಬ್ಬನೇ.

ಅವನು ಸಂಜೆಗೆ ಅಂಗಡಿಗೆ ಬಂದ. ಬಾಗಿಲಲ್ಲಿ ನಿಂತು, ಶಿವಮೂರ್ತಪ್ಪನವರು ಅತ್ತ ತಿರುಗಿದ್ದಾಗ, ಸ್ಟೇಷನ್ ಮಾಸ್ತರರಂತೆ ಕೆಮ್ಮಿದ. ನಾಗರಾಜಪ್ಪನವರಂತೆ "ನೋಡ್ರಿ" ಎಂದ. ಕಡೆಗೆ ಅನ್ನಪೂರ್ಣಮ್ಮನವರ ಧ್ವನಿಯಲ್ಲೇ "ರೀ" ಎಂದು ಕರೆದ. ಒಳಗಿನಿಂದ ಅನ್ನಪೂರ್ಣಮ್ಮನವರೇ ಗಾಬರಿಯಾಗಿ ಬಂದರು. ಶಿವಮೂರ್ತಪ್ಪನವರು ತಿರುಗಲಿಲ್ಲ.

ಕುಬೇರಪ್ಪ ಒಳಗೆ ಬಂದು ಅವರ ಮುಂದೆ ಕೂತ. ತನ್ನದೇ ಧ್ವನಿಯಲ್ಲಿ ಮಾತಾಡಿದ. ಅದು ಅವನು ಅಪರೂಪಕ್ಕೆ ಬಳಸುತ್ತಿದ್ದ ಧ್ವನಿ.

"ಶಿವಮೂರ್ತಪ್ಪನೋರೆ, ಆ ಕಡೆಯದು ಯಾವ ಕಿವಿಗೂ ಕೇಳೋದಲ್ಲ. ಕೇಳಿದ್ರೆ ನಾನು ಮಾಡಿದ್ದೇ ತಪ್ಪಾಗಬೇಕು. ನೀವು ಹೆಂಗೆ ಹಿಡಿದ್ರಿ?"

ಶಿವಮೂರ್ತಪ್ಪನವರು ಕತ್ತರಿ ಕೆಳಗಿಟ್ಟರು. "ಒಂದು ತಪ್ಪು ಮಾಡಬೇಕಾಗಿತ್ತು ಅಲ್ಲೇನಪಾ ನಾನು," ಎಂದರು. "ಆಸೆ. ಎಲ್ಲಾ ಸರಿ ಮಾಡಿಬಿಟ್ಟೆ. ಫೋಟೋ ಗಾಜಿನಾಗೆ ಕಂಡೆ."

"ಕಿವಿ ಎಷ್ಟು ಹೋಗೈತೆ?"

"ನೀನು ಬಾಗ್ಲಾಗೆ ನಿಂತು ಏನೇನು ಮಾಡಿದ್ಯೋ ಅದೆಲ್ಲ ಇವಳ ಮುಖ ನೋಡಿ ಈಗ ತಿಳೀತು. ಅಷ್ಟು ಹೋಗೈತೆ."

ಕುಬೇರಪ್ಪ ತಲೆ ತಗ್ಗಿಸಿದ, ಮತ್ತೆ ತಗ್ಗಿಸಿದರೆ ಇವರಿಗೆ ಮಾತು ಕಾಣುವುದಿಲ್ಲವೆಂದು ನೆನಪಾಗಿ ಎತ್ತಿದ. "ನಾನು ಯಾರಿಗೂ ಹೇಳೋದಿಲ್ಲ. ನಾನು ಚಡ್ಡಿ ಹಾಕೋ ಕಾಲದಿಂದ ನಿಮ್ಮ ಸೀಟಿ ಕೇಳಿದೋನು. ಆದ್ರೆ ಫೈನಲ್ಲಿನಾಗೆ ಆಟಗಾರ ಬೆನ್ನು ತಿರುಗಿಸಿಬಿಟ್ರೆ? ಅಲ್ಲಿ ಗಾಜು ಇರೋದಿಲ್ಲ."

"ಗೊತ್ತಪಾ."

"ಅಂದಾಜಿನ ಮೇಲೆ ಊದ್ತೀರಾ?"

ಅಂದಾಜಿನ ಮೇಲೆ ಊದಿದವರನ್ನು ಶಿವಮೂರ್ತಪ್ಪನವರು ಜೀವಮಾನವಿಡೀ ಬೈದಿದ್ದರು. ಬಟ್ಟೆಯನ್ನು ಕೂಡ ಅವರು ಅಂದಾಜಿನಲ್ಲಿ ಹರಿದುಕೊಟ್ಟವರಲ್ಲ.

ಕುಬೇರಪ್ಪ ಹೋದ ಮೇಲೆ ಅವರು ಹೆಂಡತಿಯನ್ನು ಕೇಳಿದರು, "ಇವನು ನಿನ್ನ ಧ್ವನಿ ತೆಗೆದದ್ದು ಸರಿ ಇತ್ತೇನು?"

"ಸರಿ ಇತ್ತು. ಯಾಕ?"

"ಮರೆತು ಹೋದಂಗೆ ಆಗೈತೆ. ಅದಕ್ಕೆ ಕೇಳಿದೆ."

ಅನ್ನಪೂರ್ಣಮ್ಮ ಅಡಿಗೆಮನೆಗೆ ಎದ್ದು ಹೋದರು. ಪಾತ್ರೆಗಳ ಸದ್ದು ಬಹಳ ಹೊತ್ತು ಬರುತ್ತಿತ್ತು, ಅದನ್ನು ಕೇಳುವವರು ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಶಿವಮೂರ್ತಪ್ಪನವರು ಹರಿಹರಕ್ಕೆ ಹೋಗಿ, ಅಲ್ಲಿಂದ ಭಾನುವಳ್ಳಿಯ ಬಸ್ಸು ಹತ್ತಿದರು. ಮಾಲತೇಶಪ್ಪ ಗದ್ದೆಯ ಬದುವಿನ ಮೇಲೆ ನಿಂತು ನೀರು ತಿರುಗಿಸುತ್ತಿದ್ದ. ಇವರನ್ನು ಕಂಡು ಗುದ್ದಲಿ ನೆಲಕ್ಕೆ ಊರಿ, ಅದರ ಮೇಲೆ ಗದ್ದ ಇಟ್ಟು ನಿಂತ.

"ಬರ್ರಿ, ಫೈನಲ್ ಅಂಪೈರ್ ಸಾಹೇಬ್ರು. ಹಾರ ಹಾಕಾಕೆ ನಮ್ಮ ಹತ್ರ ಹೂವಿಲ್ಲ. ಭತ್ತದ ಸಸಿ ಐತೆ, ನಡೀತದಾ?"

"ಬೈ. ಬೈದು ಮುಗಿಸು. ಆಮೇಲೆ ಹೇಳ್ತೀನಿ. ಆದ್ರೆ ಈ ಕಡೆ ತಿರುಗಿ ಬೈ."

ಆ ಮಾತಿಗೆ ಮಾಲತೇಶಪ್ಪ ಗುದ್ದಲಿಯಿಂದ ಗದ್ದ ಎತ್ತಿದ. ಶಿವಮೂರ್ತಪ್ಪನವರು ಎಲ್ಲ ಹೇಳಿದರು. ಕಿವಿಯ ಸಂಗತಿ, ಫೋಟೋದ ಸಂಗತಿ, ಆಸೆಯ ಸಂಗತಿ. "ನನ್ನ ಮಾರ್ಕು ಕಳ್ಳ ಮಾರ್ಕು. ಕುರ್ಚಿ ನಿಂದು. ಇವತ್ತೇ ಕಮಿಟಿಗೆ ಹೋಗಿ ಹೇಳ್ತೀನಿ. ನಿನಗೆ ಮೊದ್ಲು ಹೇಳಬೇಕು ಅಂತ ಬಂದೆ," ಎಂದು ತಿರುಗಿ ಹೊರಟರು.

ಹಿಂದಿನಿಂದ ಮಾಲತೇಶಪ್ಪ ಏನೋ ಕೂಗಿದ. ಮತ್ತೆ ಕೂಗಿದ. ಆಮೇಲೆ ಅವನಿಗೆ ಬುದ್ಧಿ ಹೊಳೆದು, ಗದ್ದೆಯಲ್ಲೇ ಹಾಯ್ದು ಬಂದು, ಮೊಣಕಾಲ ತನಕ ಕೆಸರಾಗಿ, ಅವರ ಮುಂದೆ ನಿಂತ.

"ಏ ಯಜಮಾನ್ರೆ, ನಿಂದ್ರಿ. ಕುರ್ಚಿ ನನಗೆ ಕೊಟ್ರಿ, ಆತು. ಹರಿಹರದಾಗೆ ಫೈನಲ್ ದಿನ ಗಲಾಟೆ ಎಷ್ಟು ಇರ್ತೈತೆ ಗೊತ್ತೇನು? ಹಲಗಿ, ತಾಸೆ, ನಮ್ಮೂರೋರ ಬಾಯಿ. ಅದರಾಗೆ ನನಗೆ ಯಾವ ದಮ್ಮು ಕೇಳಿಸ್ತದೆ? ಅಲ್ಲಿ ನಾನೂ ಕಿವುಡನೇ. ವ್ಯತ್ಯಾಸ ಏನಂದ್ರೆ, ನನಗೆ ಕಿವುಡನಾಗಿ ಅಭ್ಯಾಸ ಇಲ್ಲ."

"ಅದಕ್ಕೆ?"

"ಅದಕ್ಕೆ, ನಾನು ಈ ಬದಿ ನಿಲ್ತೀನಿ, ನೀವು ಆ ಬದಿ ನಿಲ್ರಿ. ನಿಮಗೆ ಮುಖ ಕೊಟ್ಟು ಬಂದೋನ ಗಂಟ್ಲು ನೀವು ನೋಡ್ರಿ, ಕೈ ಎತ್ರಿ. ನಾನು ನಿಮ್ಮ ಕೈ ನೋಡಿ ಊದ್ತೀನಿ. ನಿಮಗೆ ಬೆನ್ನು ಕೊಟ್ಟೋನು ನನ್ನ ಕಡೆ ಬಂದೇ ಬರ್ತಾನೆ, ಅವನ್ನ ನಾನು ನೋಡ್ಕೊಂತೀನಿ, ಗಂಟ್ಲು ನೋಡೋದು ನನಗೂ ಒಂದಿಷ್ಟು ಕಲಿಸ್ರಿ. ಸೀಟಿ ಮಾತ್ರ ನನ್ನ ಹತ್ರ."

ಅಂದರೆ ಫೈನಲ್ಲಿನಲ್ಲಿ ನಿಲ್ಲಬಹುದು, ಆದರೆ ಫೈನಲ್ ಅಂಪೈರಾಗಿ ಅಲ್ಲ. ಕುರ್ಚಿಯಿಲ್ಲ, ಸೀಟಿಯಿಲ್ಲ, ಮಗನ ವಯಸ್ಸಿನವನ ಕೈಕೆಳಗೆ ಒಂದು ಕೈ ಅಷ್ಟೆ. ಅದೂ ಕಿವುಡ ಎಂದು ಎರಡೂ ಊರಿಗೆ ಗೊತ್ತಾದ ಮೇಲೆ. ಶಿವಮೂರ್ತಪ್ಪನವರು ಕಾಲುವೆಯ ನೀರನ್ನೇ ನೋಡುತ್ತ ನಿಂತರು.

"ಯೋಚನೆ ಮಾಡಿ ಹೇಳ್ರಿ," ಎಂದ ಮಾಲತೇಶಪ್ಪ. ಅವರು ನೀರು ನೋಡುತ್ತಿದ್ದುದರಿಂದ ಅದು ಅವರಿಗೆ ಮುಟ್ಟಲಿಲ್ಲ. ಯೋಚನೆಯನ್ನು ಅವರು ಆಗಲೇ ಮಾಡಿ ಮುಗಿಸಿದ್ದರು.

"ಕೈ ಎತ್ತಿದ್ದು ಸರಿಯಾಗಿ ಕಾಣಬೇಕು. ಕೆಂಪು ಬಟ್ಟೆ ಕಟ್ಕೊಂಡು ಬರ್ತೀನಿ," ಎಂದರು. "ಅಂಗಡಿಯಾಗೆ ಐತೆ."

ನಾಗರಾಜಪ್ಪನವರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಮೊದಲು ಅವರು ತಮ್ಮ ತಂದೆಯವರ ಫೋಟೋಗೆ ಅವಮಾನವಾಯಿತೆಂದು ಹೊತ್ತು ಕಳೆದರು. ಆಮೇಲೆ, "ಒಂದು ಆಟಕ್ಕೆ ಇಬ್ಬರು ಅಂಪೈರು ಅಂದ್ರೆ ಒಂದು ಒರೆಯಾಗೆ ಎರಡು ಕತ್ತಿ. ಯಾರಾದ್ರೂ ಕೇಳಿದೋರು ಉಂಟೇನ್ರಿ?" ಎಂದರು.

ಮಾಲತೇಶಪ್ಪ ಬಾಗಿಲಿಗೆ ಒರಗಿ ನಿಂತಿದ್ದ. "ನಮ್ಮ ಹರಿಹರದ ದೇವರ ಗುಡಿಗೆ ಹೋಗೀರೇನ್ರಿ ನೀವು? ಒಂದೇ ಕಲ್ಲಿನಾಗೆ ಅರ್ಧ ಹರಿ, ಅರ್ಧ ಹರ. ಅಷ್ಟು ದೊಡ್ಡ ಲೋಕನೇ ಇಬ್ಬರು ಹಂಚ್ಕೊಂಡು ನೋಡ್ಕೊಂತಾರೆ. ಒಂದು ಕಬಡ್ಡಿ ಅಂಗಳ ಹಂಚ್ಕೊಳ್ಳಾಕೆ ಆಗೋದಿಲ್ಲೇನು?"

ಕಮಿಟಿ ನಕ್ಕಿತು. ನಕ್ಕ ಮೇಲೆ ಒಪ್ಪದಿರುವುದು ಕಷ್ಟ.

ಫೈನಲ್ ನಡೆದದ್ದು ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೈದಾನದಲ್ಲಿ. ದಾವಣಗೆರೆಯ ಮಿಲ್ ತಂಡ ಒಂದು ಕಡೆ, ಹರಿಹರದ ಹುಡುಗರು ಒಂದು ಕಡೆ. ಮಾಲತೇಶಪ್ಪ ಹೇಳಿದಂತೆಯೇ ಗದ್ದಲ. ಹಲಗೆಯವರು ಒಂದು ಕ್ಷಣ ಬಿಡಲಿಲ್ಲ. ಆಟಗಾರರ ಬಾಯಿ ಆಡುವುದು ಕಾಣುತ್ತಿತ್ತು, ಕಬಡ್ಡಿ ಮಾತ್ರ ಗಾಳಿಯಲ್ಲಿ ಕರಗಿ ಹೋಗುತ್ತಿತ್ತು. ಅಂಗಳದ ಒಂದು ಬದಿಯಲ್ಲಿ ಸೀಟಿ ಕಚ್ಚಿಕೊಂಡು ಮಾಲತೇಶಪ್ಪ, ಇನ್ನೊಂದು ಬದಿಯಲ್ಲಿ ಮಣಿಕಟ್ಟಿಗೆ ಕೆಂಪು ಬಟ್ಟೆ ಸುತ್ತಿಕೊಂಡ ಶಿವಮೂರ್ತಪ್ಪನವರು.

"ಕಿವುಡಪ್ಪ ಬಂದ ನೋಡ್ರೋ!" ಎಂದು ಹರಿಹರದ ಕಡೆಯವರು ಕೂಗಿದರು. "ಒಳ್ಳೇದಾತು, ನಿಮ್ಮ ಬೈಗುಳ ಕೇಳೋದಿಲ್ಲ!" ಎಂದು ದಾವಣಗೆರೆಯವರು ಉತ್ತರ ಕೊಟ್ಟರು. ದಾವಣಗೆರೆಯವರು ಇನ್ನೂ ತಮ್ಮವರೆಂದೇ ತಿಳಿದಿದ್ದರು.

ಮೊದಲರ್ಧದಲ್ಲಿ ಕೆಂಪು ಕೈ ಎರಡೂ ತಂಡದವರ ಮೇಲೆ ಎದ್ದಿತು, ಎದ್ದಾಗಲೆಲ್ಲ ಸೀಟಿ ಕೂಗಿತು. ಮೊದಮೊದಲು ಹುಡುಗರು ಜಗಳಕ್ಕೆ ಬಂದರು. ಆಮೇಲೆ ದಮ್ಮು ಮುರಿದವರು ತಾವೇ ಕೈ ನೋಡಿ ಹೊರಗೆ ನಡೆಯತೊಡಗಿದರು.

ಆಟ ಮುಗಿಯುತ್ತ ಬಂದಾಗ ಅಂಕ ಸಮಸಮ. ಕಡೆಯ ದಾಳಿ ದಾವಣಗೆರೆಯದು. ಹೋದವನು ತಂಡದ ನಾಯಕ ಬಕ್ಕೇಶಪ್ಪ. ಹೋಗುತ್ತಲೇ ಒಬ್ಬನನ್ನು ಮುಟ್ಟಿದ, ತಿರುಗಿ ಗೆರೆಯ ಕಡೆ ಹಾರಿದ. ಹಿಂದಿನಿಂದ ಒಬ್ಬ ಕಾಲು ಹಿಡಿದ, ಇನ್ನೊಬ್ಬ ಸೊಂಟ ಹಿಡಿದ. ಬಕ್ಕೇಶಪ್ಪ ಆ ಭಾರವನ್ನೆಲ್ಲ ಎಳೆದುಕೊಂಡು ಮಣ್ಣಿನಲ್ಲಿ ಹರಿದ. ಮುಖ ಶಿವಮೂರ್ತಪ್ಪನವರ ಕಡೆಗೇ ಇತ್ತು. ಬಾಯಿ ಕಬಡ್ಡಿ ಕಬಡ್ಡಿ ಎಂದು ಆಡುತ್ತಲೇ ಇತ್ತು. ಬೆರಳು ಗೆರೆ ಮುಟ್ಟಲು ಗೇಣು ದೂರ ಇದ್ದಾಗ ಗಂಟಲಿನ ಗುಳಿ ಕುಸಿಯಿತು.

ಕೆಂಪು ಕೈ ಮೇಲೆ ಹೋಯಿತು. ಬೆರಳು ಗೆರೆ ಮುಟ್ಟಿತು. ಸೀಟಿ ಕೂಗಿತು.

ಔಟು. ಹರಿಹರ ಗೆದ್ದಿತು.

ಆಮೇಲೆ ಆದದ್ದನ್ನು ಬಣ್ಣಿಸಿ ಫಲವಿಲ್ಲ. ಹರಿಹರದವರು ತಾವು ಕಿವುಡಪ್ಪ ಎಂದು ಕೂಗಿದ್ದ ಶಿವಮೂರ್ತಪ್ಪನವರನ್ನೇ ಹೆಗಲ ಮೇಲೆ ಎತ್ತಲು ಬಂದರು, ಅವರು ಒಪ್ಪಲಿಲ್ಲ. ದಾವಣಗೆರೆಯವರು ತಮ್ಮೂರಿನವನೇ ತಮ್ಮ ಕತ್ತು ಕುಯ್ದನೆಂದು ಬೈದರು. ನಾಗರಾಜಪ್ಪನವರು ಸಮಾಧಾನ ಮಾಡಲು "ನಾನು ಸುತ್ತಿ ಬಳಸಿ" ಎಂದು ಶುರು ಮಾಡಿದ್ದರಿಂದ ಬೈಗುಳ ಅವರ ಕಡೆ ಸ್ವಲ್ಪ ತಿರುಗಿತು.

ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ದಾವಣಗೆರೆಯವರೆಲ್ಲ ಒಂದೇ ಡಬ್ಬಿ ಹತ್ತಿದರು. ಶಿವಮೂರ್ತಪ್ಪನವರು ಕಿಟಕಿಯ ಪಕ್ಕ ಕೂತರು. ಅವರ ಎದುರಿನ ಸೀಟಿನ ಹಲಗೆ ಖಾಲಿ ಉಳಿಯಿತು. ಉಳಿದವರು ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದರು. ಡಬ್ಬಿಯ ತುಂಬ ಬೆನ್ನುಗಳು. ಹೆಗಲುಗಳು ಕುಣಿಯುವುದು, ಕೈಗಳು ಗಾಳಿಯಲ್ಲಿ ಬೀಸುವುದು ಕಾಣುತ್ತಿತ್ತು. ತಮ್ಮ ಬಗ್ಗೆಯೇ ಮಾತೆಂದು ಅವರಿಗೆ ಗೊತ್ತಿತ್ತು, ಏನು ಮಾತೆಂದು ಒಂದೂ ತಿಳಿಯಲಿಲ್ಲ. ಬೈಗುಳವಾದರೂ ಕೇಳಿಸಿದ್ದರೆ ಎನ್ನಿಸಿತು.

ಗಾಡಿ ಹೊರಟ ಮೇಲೆ ಬಕ್ಕೇಶಪ್ಪ ಬೆನ್ನುಗಳನ್ನು ಸರಿಸಿಕೊಂಡು ಬಂದ. ಮೊಣಕೈ ತರಚಿತ್ತು, ಕೂದಲಲ್ಲಿ ಇನ್ನೂ ಮಣ್ಣಿತ್ತು. ಎದುರಿನ ಹಲಗೆಯ ಮೇಲೆ ಕೂತು, ಮುಖವನ್ನು ನೇರ ಅವರಿಗೆ ಕೊಟ್ಟು, ನಿಧಾನವಾಗಿ ಕೇಳಿದ.

"ಎಲ್ಲಿ ಕಂಡ್ರಿ?"

ಶಿವಮೂರ್ತಪ್ಪನವರು ಕೈ ಚಾಚಿ ಅವನ ಗಂಟಲಿನ ಬುಡ ಮುಟ್ಟಿ ತೋರಿಸಿದರು.

"ಅಷ್ಟು ಸಣ್ಣದು?"

"ನಿಂಗೆ ಸಣ್ಣದು. ನಂಗೆ ಈಗ ಅಷ್ಟೇ ಉಳಿದಿರೋದು."

ಬಕ್ಕೇಶಪ್ಪ ತನ್ನ ಗಂಟಲಿನ ಗುಳಿ ಮುಟ್ಟಿ ನೋಡಿಕೊಂಡ. "ಗೆರೆ ಮುಟ್ಟಿದ ಮೇಲೆ ಉಸಿರು ತಗೊಂಡೆ ಅಂತ ಎಲ್ಲರಿಗೂ ಹೇಳೀನಿ," ಎಂದ. "ಹೌದೋ ಅಲ್ಲೋ ಅಂತ ನನಗೇ ತಿಳೀವಲ್ದು. ಈಗ ಹೇಳ್ತೀನಿ, ನೋಡ್ರಿ." ಉಸಿರು ಎಳೆದುಕೊಂಡು ಅಲ್ಲೇ ಶುರು ಮಾಡಿದ, ಕಬಡ್ಡಿ ಕಬಡ್ಡಿ. ಕದಿಯಲು ನೋಡಿದ. ಶಿವಮೂರ್ತಪ್ಪನವರ ಬೆರಳು ಎದ್ದಿತು. ಬಕ್ಕೇಶಪ್ಪ ತಲೆ ಕೊಡವಿ ಮತ್ತೆ ಶುರು ಮಾಡಿದ. ಮತ್ತೆ ಬೆರಳು.

ಬೆನ್ನುಗಳಲ್ಲಿ ಒಂದು ತಿರುಗಿತು. "ಏ ಬಕ್ಕೇಶ, ನಿನ್ನ ಕೈಲಿ ಆಗೋದಿಲ್ಲ, ಸರಿ ಆ ಕಡೆ," ಎಂದು ಮಿಲ್ಲಿನವನೊಬ್ಬ ಕೂತ. ಬೆರಳು ಎದ್ದಿತು. ಅವನ ಹಿಂದೆ ಇನ್ನೊಬ್ಬ. ಬೆನ್ನುಗಳೆಲ್ಲ ಒಂದೊಂದಾಗಿ ಮುಖಗಳಾದವು. ಕುಬೇರಪ್ಪ ಬಂದು ತನ್ನ ಮೂಗಿನ ವಿದ್ಯೆ ತೆಗೆದು ಮತ್ತೊಮ್ಮೆ ಸಿಕ್ಕಿಬಿದ್ದ. ಟಿಕೆಟ್ ನೋಡಲು ಬಂದ ಟಿ.ಸಿ. ಕೂಡ, "ಇದೇನ್ರಿ ಗಲಾಟೆ?" ಎಂದು ಗದರಿಸಿ, ಸಂಗತಿ ತಿಳಿದ ಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟು, ಎರಡು ಕಬಡ್ಡಿಗೇ ಔಟಾದ.

"ನಾಳೆಯಿಂದ ಗ್ರೌಂಡಿಗೆ ಬರ್ರಿ," ಎಂದ ಬಕ್ಕೇಶಪ್ಪ, ಮುಖ ತಪ್ಪಿಸದೆ. "ನಮ್ಮ ಹುಡುಗರ ಎದುರಿಗೆ ಕೂಡ್ರಿ. ಮುಂದಿನ ವರ್ಷ ನಿಮ್ಮ ಕಣ್ಣು ತಪ್ಪಿಸೋ ಅಷ್ಟು ದಮ್ಮು ಬರಬೇಕು ನಮಗೆ."

"ಬರ್ತೀನಿ. ಕುರ್ಚಿ ಬ್ಯಾಡ, ನಿಂತ್ಕೊಂಡೇ ನೋಡ್ತೀನಿ," ಎಂದರು ಶಿವಮೂರ್ತಪ್ಪನವರು.

"ಈಗ ಕಡೇ ಸಲ," ಎಂದು ಬಕ್ಕೇಶಪ್ಪ ಎದೆ ತುಂಬ ಉಸಿರು ತುಂಬಿಕೊಂಡ. ಡಬ್ಬಿಯೆಲ್ಲ ಉಸಿರು ಬಿಗಿಹಿಡಿಯಿತು. ಕಬಡ್ಡಿ ಕಬಡ್ಡಿ ಎಂದು ಅವನು ಹೇಳುತ್ತ ಹೋದ. ಮಿಲ್ಲಿನ ಚಿಮಣಿ ಕಂಡಿತು, ಗೂಡ್ಸ್ ಶೆಡ್ಡು ದಾಟಿತು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ದಾವಣಗೆರೆ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಯಾರೂ ಇಳಿಯಲಿಲ್ಲ. ಶಿವಮೂರ್ತಪ್ಪನವರು ಮುಂದೆ ಬಾಗಿ ಅವನ ಗಂಟಲನ್ನೇ ನೋಡುತ್ತಿದ್ದರು. ಬೆರಳು ಇನ್ನೂ ಮೇಲೆ ಹೋಗಿರಲಿಲ್ಲ.